ಎರಡು ಫೋಟೊಗಳು

ಅವರೆಕಾಯಿ ಕಾಲದಲ್ಲಿ ಮನೆಗೆ ಯಾರೇ ಬಂದರೂ ಅವರ ಮುಂದೆ ನೆನೆಸಿದ ಕಾಳಿನ ಬೋಗುಣಿ ತಂದಿಡುವುದು ನಮ್ಮ ಮನೆಯ ಪದ್ಧತಿ. ಮಾತೂ ಸಾಗುತ್ತದೆ, ಬೇಳೆ ಹಿತಕಿದ್ದೂ ಆಗುತ್ತದೆ. 2025ರ ಜನವರಿಯಲ್ಲಿ ತಂಗಿಯ ಮಗಳು ನಾಲ್ಕು ದಿನ ಇರಲೆಂದು ಬೆಂಗಳೂರಿನಿಂದ ಬಟವಾಡಿಯ ನಮ್ಮ ಮನೆಗೆ ಬಂದಾಗಲೂ ಹಾಗೇ ಆಯಿತು. ಅವಳು ಫೋಟೊಗ್ರಾಫರ್. ಮದುವೆ, ನಾಮಕರಣಗಳ ಫೋಟೊ ಹೊಟ್ಟೆಪಾಡಿಗೆ. ಅದರಾಚೆಗೆ ತನಗಾಗಿ ಏನಾದರೊಂದು ತೆಗೆಯುತ್ತಲೇ ಇರುತ್ತಾಳೆ. ಒಮ್ಮೆ ಇಲ್ಲಿನ ಎ.ಪಿ.ಎಂ.ಸಿ. ಯಾರ್ಡಿನಲ್ಲಿ ಹುಣಸೆಹಣ್ಣಿನ ರಾಶಿಯ ನಡುವೆ ಕೂತ ಹೆಂಗಸರ ಕೈಗಳನ್ನು ಮಾತ್ರ ಇಡೀ ದಿನ ತೆಗೆದಿದ್ದಳು.

"ಈಗ ಏನು ತೆಗೀತಿದ್ದೀಯೆ ಪುಟ್ಟಿ?" ಎಂದೆ.

"ನ್ಯೂಡ್ಸ್, ದೊಡ್ಡಮ್ಮ."

ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರಿಗೆ ಕಿವಿ ಸ್ವಲ್ಪ ಮಂದ. "ನೂಡಲ್ಸೆಲ್ಲ ಹೊಟ್ಟೆಗೆ ಒಳ್ಳೇದಲ್ಲಮ್ಮ" ಎಂದರು. ಅವಳು ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

"ಅಂದರೆ, ಬಟ್ಟೆ ಇಲ್ಲದೆಯಾ?"

"ಹೂಂ."

"ಯಾರನ್ನೇ?"

"ಹೆಂಗಸರನ್ನ. ಇಬ್ಬರು ಗಂಡಸರನ್ನೂ."

ಕೈಲಿದ್ದ ಕಾಳು ಜಾರಿ ಎಲ್ಲೋ ಹೋಯಿತು. ನೀವೇ ಹೇಳಿ, ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವಳು ನಾನು. ಹುಡುಗಿಯರ ದಾವಣಿಯ ಪಿನ್ನು ಸರಿಯಾಗಿದೆಯೇ ಎಂದು ನೋಡುವುದೂ ಪಾಠದ ಒಂದು ಭಾಗವೆಂದು ನಂಬಿದ್ದವಳು. ನನ್ನ ಮಡಿಲಲ್ಲಿ ಆಡಿದ ಮಗು ಇದನ್ನು ಸೊಪ್ಪಿನ ಕಟ್ಟು ಎಷ್ಟು ಎನ್ನುವ ಧಾಟಿಯಲ್ಲಿ ಹೇಳುತ್ತಿದೆ!

ನನಗೆ ತಟ್ಟನೆ ನೆನಪಾದದ್ದು 1995. ಆ ವರ್ಷ ಮಿಲಿಂದ್ ಸೋಮನ್ ಮತ್ತು ಮಧು ಸಪ್ರೆ ಎಂಬ ಇಬ್ಬರು ರೂಪದರ್ಶಿಗಳು ಕಾಲಿಗೆ ಬೂಟು, ಮೈಸುತ್ತ ಒಂದು ಹೆಬ್ಬಾವು, ಇಷ್ಟೇ ಧರಿಸಿ ನಿಂತ ಜಾಹೀರಾತು ಬಂದಿತ್ತು. ನಮ್ಮ ಸ್ಟಾಫ್ ರೂಮಿನಲ್ಲಿ ಆ ಪತ್ರಿಕೆಯನ್ನು ಅಟೆಂಡೆನ್ಸ್ ರಿಜಿಸ್ಟರಿನ ಕೆಳಗೆ ಬಚ್ಚಿಟ್ಟಿದ್ದೆವು. ಬಚ್ಚಿಟ್ಟ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ರಿಜಿಸ್ಟರ್ ನೋಡಲು ಹೋದೆವು ಎಂಬುದು ಬೇರೆ ಮಾತು. ಮುಂಬಯಿಯಲ್ಲಿ ಅದರ ಮೇಲೆ ಕೇಸು ಬಿತ್ತು. ಹದಿನಾಲ್ಕು ವರ್ಷ ನಡೆದು 2009ರಲ್ಲಿ ಎಲ್ಲರೂ ಖುಲಾಸೆಯಾದರು.

"ಆ ಫೋಟೊ ತೆಗೆದವರು ಪ್ರಬುದ್ಧ ದಾಸ್‌ಗುಪ್ತ" ಎಂದಳು ಪುಟ್ಟಿ. "ಮರುವರ್ಷವೇ, 1996ರಲ್ಲಿ, ಅವರದೊಂದು ಪುಸ್ತಕ ಬಂತು. 'ವಿಮೆನ್' ಅಂತ. ನಮ್ಮ ನಗರಗಳ ಹೆಂಗಸರ ನಗ್ನ ಚಿತ್ರಗಳು. ಅದರಲ್ಲಿ ಹಾವೂ ಇಲ್ಲ, ಮಾರೋದಕ್ಕೆ ಬೂಟೂ ಇಲ್ಲ."

"ಅದೇ ಕೇಳ್ತಿರೋದು. ಮಾರೋಕೆ ಏನೂ ಇಲ್ಲದಿದ್ದರೆ ಮತ್ಯಾಕೆ?"

ಅವಳು ಬೋಗುಣಿಯಿಂದ ಎರಡು ಕಾಳು ತೆಗೆದಳು. ಒಂದು ಸಿಪ್ಪೆ ಇರುವುದು, ಇನ್ನೊಂದು ಹಿತಕಿದ್ದು. ಕಿಟಕಿಯ ಬಿಸಿಲಿಗೆ ಹಿಡಿದು, "ನೋಡು ದೊಡ್ಡಮ್ಮ, ಬೆಳಕು ಯಾವುದರ ಮೇಲೆ ಹೇಗೆ ಕೂರುತ್ತೆ" ಎಂದಳು. ಅರವತ್ತು ವರ್ಷದಿಂದ ಅವರೆಬೇಳೆ ತಿನ್ನುತ್ತಿರುವ ನಾನು ಅದನ್ನು ನೋಡಿರಲಿಲ್ಲ. ಸಿಪ್ಪೆಯ ಮೇಲೆ ಬೆಳಕು ಹೊಳೆದು ಜಾರಿಹೋಗುತ್ತಿತ್ತು. ಬೇಳೆಯ ಮೇಲೆ ನಿಧಾನವಾಗಿ ಇಳಿದು ಅಂಚಿನಲ್ಲಿ ನೆರಳಾಗುತ್ತಿತ್ತು.

"ಇದು ಒಂದು ಕಾರಣ. ಇನ್ನೊಂದು, ಸೀರೆ ಉಟ್ಟವಳನ್ನ ತೆಗೆದರೆ ಸೀರೆ ಮಾತಾಡುತ್ತೆ. ಎಷ್ಟು ಅನುಕೂಲಸ್ಥರು, ಯಾವ ಕಡೆಯವರು, ಮದುವೆಯಾಗಿದೆಯಾ, ಎಲ್ಲ ಅದೇ ಹೇಳಿಬಿಡುತ್ತೆ. ಅದಿಲ್ಲದಿದ್ದರೆ ನಾನೇ ನೋಡಬೇಕು. ನೋಡೋದು ಅಷ್ಟು ಸುಲಭ ಅಲ್ಲ. ಆ ಕಷ್ಟಕ್ಕೇ ನಾವು ಹೋಗೋದು."

"ಎಲ್ಲರೂ ಅದಕ್ಕೇ ಹೋಗ್ತಾರೇನೇ?"

"ಇಲ್ಲ. ಕೆಟ್ಟ ಕಣ್ಣಿನವರೂ ಕಲೆ ಅಂತ ಬೋರ್ಡು ಹಾಕ್ಕೊಂಡು ಬರ್ತಾರೆ. ಅವರನ್ನ ಗುರುತಿಸೋದು ಸುಲಭ. ಕೂತವಳು 'ಸಾಕು' ಅಂದ ತಕ್ಷಣ ಕ್ಯಾಮರಾ ಕೆಳಗಿಡ್ತಾರಾ ಇಲ್ಲವಾ, ಅಷ್ಟೇ."

ನಾನು ಸುಲಭಕ್ಕೆ ಬಿಡಲಿಲ್ಲ. ಗಂಡಸು ಕ್ಯಾಮರಾದ ಹಿಂದೆ, ಹೆಂಗಸು ಮುಂದೆ, ಕಲೆ ಎನ್ನುವುದು ನಡುವೆ. ಇದು ಹಳೆಯ ಕಥೆಯಲ್ಲವೇ ಎಂದೆ. ಹೌದೆಂದು ಒಪ್ಪಿಕೊಂಡು ಇಮೋಜನ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ಹೆಂಗಸಿನ ವಿಷಯ ಹೇಳಿದಳು. ಆಕೆ 1915ರಲ್ಲಿ ತನ್ನ ಗಂಡನನ್ನೇ ಮೌಂಟ್ ರೇನಿಯರ್ ಬೆಟ್ಟದ ಹಿಮದ ನಡುವೆ ಬೆತ್ತಲೆ ನಿಲ್ಲಿಸಿ ಫೋಟೊ ತೆಗೆದಳಂತೆ. ಅವು ಸಿಯಾಟಲ್‌ನ ಪತ್ರಿಕೆಯಲ್ಲಿ ಅಚ್ಚಾದಾಗ ದೊಡ್ಡ ಗದ್ದಲವಾಗಿ, ಆಕೆ ಆ ನೆಗೆಟಿವ್‌ಗಳನ್ನು ದಶಕಗಳ ಕಾಲ ಎತ್ತಿಟ್ಟುಬಿಟ್ಟಳಂತೆ. ಹಿಮದಲ್ಲಿ ನಿಂತ ಆ ಗಂಡನನ್ನು ನೆನೆದು ನನಗೆ ಅಯ್ಯೋ ಪಾಪ ಎನ್ನಿಸಿತು. ಜೊತೆಗೆ ಒಳಗೊಳಗೇ ಒಂದಿಷ್ಟು ಖುಷಿಯೂ ಆಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ರಾತ್ರಿ ನಿದ್ದೆ ಬರಲಿಲ್ಲ. ಬಿ.ಎಚ್. ರಸ್ತೆಯ ಲಾರಿಗಳ ಸದ್ದು ಕೇಳುತ್ತಾ ಮಲಗಿದ್ದೆ. ಬೆತ್ತಲೆಯನ್ನು ನಾವು ನೋಡೇ ಇಲ್ಲವೇ? ಇಲ್ಲೇ ಹತ್ತಿರದ ಮಂದಾರಗಿರಿಯ ಬಸದಿಗಳಲ್ಲಿ ತೀರ್ಥಂಕರರ ಎದುರು ಕೈಮುಗಿದಿದ್ದೇವೆ. ಶ್ರವಣಬೆಳಗೊಳದ 57 ಅಡಿ ಎತ್ತರದ ಗೊಮ್ಮಟನ ಪಾದದ ಬಳಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನಾನೇ ವಿವರ ಹೇಳಿದ್ದೇನೆ. ಆದರೆ ಅಕ್ಕಮಹಾದೇವಿಯ ಪಾಠ ಬಂದಾಗ, ಆಕೆ ಉಡುಗೆ ತೊರೆದು ಹೊರಟಳು ಎಂಬ ಜಾಗವನ್ನು ಬೇಗ ದಾಟಿಬಿಡುತ್ತಿದ್ದೆ. ಕೂದಲಿನಿಂದ ಮೈ ಮುಚ್ಚಿದ್ದಳು ಎಂದು ಅವಸರವಾಗಿ ಸೇರಿಸುತ್ತಿದ್ದೆ. ಗೊಮ್ಮಟನ ವಿಷಯಕ್ಕೆ ಆ ಅವಸರ ಇರಲಿಲ್ಲ. ಹೆಣ್ಣು ತಾನಾಗಿ ಬಿಟ್ಟಳು ಎಂಬಲ್ಲೇ ನನಗೆ ತೊಡಕು.

ಮಾರನೆಯ ದಿನ ನಾನೇ ವಿಷಯ ತೆಗೆದೆ. "ನಿನ್ನ ಕಷ್ಟ ತಿಳೀತು. ಕೂರೋರಿಗೆ ಏನು ಬಂದಿದೆ?"

"ಕೆಲವರಿಗೆ ದುಡ್ಡು" ಎಂದಳು ನೇರವಾಗಿ. ರವಿ ಜಾಧವ್ ಅವರ 'ನ್ಯೂಡ್' ಎಂಬ ಮರಾಠಿ ಚಿತ್ರದ ಕಥೆ ಹೇಳಿದಳು. ಮಗನನ್ನು ಓದಿಸಲು ಮುಂಬಯಿಯ ಕಲಾಶಾಲೆಯಲ್ಲಿ ವಿದ್ಯಾರ್ಥಿಗಳೆದುರು ಮಾಡೆಲ್ ಆಗಿ ಕೂರುವ ತಾಯಿಯ ಕಥೆ. 2017ರಲ್ಲಿ ಗೋವಾದ ಚಿತ್ರೋತ್ಸವದಿಂದ ಅದನ್ನು ಕೈಬಿಟ್ಟಿದ್ದರು, 2018ರಲ್ಲಿ ಬಿಡುಗಡೆಯಾಯಿತು. "ದುಡ್ಡಿಗಾಗಿ ಕೂತರೂ ಅದು ದುಡಿಮೆಯೇ ದೊಡ್ಡಮ್ಮ. ಅಲ್ಲಾಡದೆ ಅರ್ಧ ಗಂಟೆ ಕೂತು ನೋಡು, ಸೊಂಟ ಹೇಳುತ್ತೆ."

"ದುಡ್ಡು ಬೇಡದವರು?"

"ನನ್ನ ಹತ್ತಿರ ಒಬ್ಬರು ಬ್ಯಾಂಕಿನವರು ಬಂದಿದ್ದರು. ನಲವತ್ತು ದಾಟಿದೆ. ಎರಡು ಸಿಸೇರಿಯನ್. ಮುಖ ಬರಬಾರದು, ಫೋಟೊ ತಾವು ಹೇಳಿದವರಿಗೆ ಬಿಟ್ಟು ಬೇರೆಯವರಿಗೆ ತೋರಿಸಬಾರದು ಅಂದರು. ಬರೆದು ಸಹಿ ಹಾಕಿದೆ. ಯಾಕೆ ಬಂದಿರಿ ಅಂತ ಕೇಳಿದೆ. ಈ ಮೈಯನ್ನ ಅಮ್ಮ ನೋಡಿದಳು, ಗಂಡ ನೋಡಿದ, ಡಾಕ್ಟರ್ ನೋಡಿದರು, ನಾನೊಬ್ಬಳೇ ನೋಡಿಲ್ಲ ಅಂದರು."

ನಾನು ಎದ್ದು ಅಡಿಗೆಮನೆಗೆ ಹೋದೆ. ಅಲ್ಲಿ ಕೆಲಸವೇನೂ ಇರಲಿಲ್ಲ.

ಈಗ ಒಂದು ವಿಷಯ ಹೇಳಬೇಕು. 2016ರಲ್ಲಿ ನನ್ನ ಎಡ ಸ್ತನದಲ್ಲಿ ಗಂಟು ಕಂಡಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ ಅದನ್ನು ತೆಗೆದರು. ಜೀವ ಉಳಿಯಿತು, ಅದಕ್ಕೆ ನನಗೆ ಕೃತಜ್ಞತೆಯಿದೆ. ಹತ್ತಿ ತುಂಬಿದ ಪುಟ್ಟ ದಿಂಬೊಂದನ್ನು ನಾನೇ ಹೊಲಿದು ರವಿಕೆಯೊಳಗೆ ಇಟ್ಟುಕೊಳ್ಳುತ್ತೇನೆ. ಮದುವೆ ಮನೆಗಳಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಎಂಟು ವರ್ಷ ಸ್ನಾನ ಮಾಡುವಾಗ ನನ್ನ ಕಣ್ಣು ಬಕೆಟ್ಟಿನ ನೀರಿನ ಮೇಲೇ ಇರುತ್ತಿತ್ತು. ಬಚ್ಚಲಿನ ಕನ್ನಡಿಯನ್ನು ತೆಗೆಸಿಬಿಟ್ಟೆ. ನಮ್ಮ ಯಜಮಾನರು ಅದು ಎಲ್ಲಿ ಹೋಯಿತೆಂದು ಕೇಳಲಿಲ್ಲ. ನಾನು ಸೀರೆ ಬದಲಿಸುವ ಹೊತ್ತಿಗೆ ಅವರಿಗೆ ಹೊರಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಅದು ಮರ್ಯಾದೆಯೋ ಭಯವೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಪುಟ್ಟಿಗೆ ಆಪರೇಷನ್ ವಿಷಯ ಗೊತ್ತು. ಹಿಂದೆಯೇ ಅಡಿಗೆಮನೆಗೆ ಬಂದವಳು ಮಾತಾಡದೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಬಿಳಿ ಉಡುಪು ತೊಟ್ಟ ಹೆಂಗಸು. ಉಡುಪಿನ ಒಂದು ಪಕ್ಕ ತೆರೆದಿದೆ. ಅಲ್ಲಿ ಸ್ತನವಿಲ್ಲ, ಹೊಲಿಗೆಯ ಗುರುತಿದೆ. ಅವಳ ಹೆಸರು ಮಟುಶ್ಕಾ. ಹಿಂದೆ ಮಾಡೆಲ್ ಆಗಿದ್ದವಳು. ಆಪರೇಷನ್ ಆದ ಮೇಲೆ ತನ್ನ ಫೋಟೊ ತಾನೇ ತೆಗೆದುಕೊಂಡಳು. 1993ರ ಆಗಸ್ಟ್ 15ರಂದು ಅದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಭಾನುವಾರದ ಮ್ಯಾಗಜಿನ್‌ಗೆ ಮುಖಪುಟವಾಯಿತು. ಹೊಗಳಿಯೂ ತೆಗಳಿಯೂ ಕಾಗದಗಳು ಬಂದವಂತೆ.

"ನನಗೆ ಯಾಕೆ ತೋರಿಸ್ತಿದ್ದೀಯೆ?" ಎಂದೆ.

"ಸುಮ್ಮನೆ" ಎಂದಳು. ಮತ್ತೆ ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ಖಂಡಿತ ಬೇಡ ಎನ್ನುತ್ತಿದ್ದೆ.

ಆ ಮಧ್ಯಾಹ್ನ ಟ್ರಂಕಿನಿಂದ ನನ್ನದೊಂದು ಹಳೆಯ ಫೋಟೊ ಹುಡುಕಿ ತೆಗೆದೆ. 1980ರಲ್ಲಿ, ನನಗೆ ಇಪ್ಪತ್ತು ವರ್ಷವಾದಾಗ, ಗಂಡಿನ ಕಡೆಯವರಿಗೆ ಕಳಿಸಲು ತುಮಕೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಅತ್ತೆಯ ರೇಷ್ಮೆ ಸೀರೆ, ಪಕ್ಕದ ಮನೆಯವರ ಸರ, ಪ್ಲಾಸ್ಟಿಕ್ ಹೂವಿನ ಕುಂಡದ ಮೇಲೆ ಒಂದು ಕೈ. ಗಲ್ಲದ ಮೇಲಿನ ಮಚ್ಚೆಯನ್ನು ಸ್ಟುಡಿಯೋದವರು ತಿದ್ದಿ ಅಳಿಸಿದ್ದರು. ಆ ಫೋಟೊ ಏಳು ಮನೆ ತಿರುಗಿತು. ಬಣ್ಣ ಸಾಲದು, ಎತ್ತರ ಹೆಚ್ಚು, ಮೂಗು ದಪ್ಪ ಎಂಬ ಮಾತುಗಳೊಡನೆ ತಿರುಗಿ ಬಂತು. ಒಂದು ಮನೆಯಿಂದ ಬರಲೇ ಇಲ್ಲ. ಅದು ಈಗ ಯಾರ ಕಪಾಟಿನಲ್ಲಿದೆಯೋ! ತೋರಿಸಬಹುದೇ ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ತಲೆಯಿಂದ ಪಾದದವರೆಗೆ ಮುಚ್ಚಿಕೊಂಡಿದ್ದ ಆ ಫೋಟೊದಲ್ಲಿ ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

ಸಂಜೆ ಪುಟ್ಟಿಯನ್ನು ಕರೆದು, "ನೀನು ಬರೆದು ಕೊಡೋ ಆ ಕಾಗದ ನನಗೂ ಕೊಡ್ತೀಯಾ?" ಎಂದೆ. ಅವಳು ನಗಲಿಲ್ಲ. ಕೂತು ಅಚ್ಚುಕಟ್ಟಾಗಿ ಬರೆದಳು. ಬರೆಯುತ್ತಲೇ ಕಾನೂನನ್ನೂ ಹೇಳಿದಳು. ನಿಮಗೂ ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಬೆತ್ತಲೆ ಎಂದ ಮಾತ್ರಕ್ಕೆ ಚಿತ್ರ ಅಶ್ಲೀಲವಾಗುವುದಿಲ್ಲ, ಸಂದರ್ಭ ನೋಡಬೇಕು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಟೆನಿಸ್ ಆಟಗಾರ ಬೋರಿಸ್ ಬೆಕರ್ ಚಿತ್ರದ ಪ್ರಕರಣದಲ್ಲಿ ಹೇಳಿತು. ಇನ್ನೊಂದು ಅದಕ್ಕಿಂತ ಮುಖ್ಯ. ಹೆಂಗಸು ಇಂಥ ಫೋಟೊ ತೆಗೆಯಲು ಒಪ್ಪಿದ್ದರೂ, ಅದನ್ನು ಬೇರೆಯವರಿಗೆ ಕೊಡಲು ಒಪ್ಪಿರದಿದ್ದರೆ, ಹಂಚಿದವನು ಅಪರಾಧಿ. 2013ರಲ್ಲಿ ಬಂದ ಈ ಕಾನೂನು ಈಗ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಲ್ಲಿದೆ. ಒಪ್ಪಿಗೆಗೂ ಒಂದು ಎಲ್ಲೆಯುಂಟು, ಆ ಎಲ್ಲೆಯನ್ನು ಹಾಕುವವಳು ಹೆಂಗಸೇ ಎಂದು ಸರ್ಕಾರದ ಪುಸ್ತಕದಲ್ಲಿ ಬರೆದಿದೆ ಎಂದು ಕೇಳಿ ನನಗೆ ಆಶ್ಚರ್ಯವಾಯಿತು.

ಮರುದಿನ ಬೆಳಿಗ್ಗೆ ನಮ್ಮ ಯಜಮಾನರು ಕ್ಯಾತ್ಸಂದ್ರದ ಕಡೆ ಹೋಗಿದ್ದರು. ಪೂರ್ವದ ಕೋಣೆಯಲ್ಲಿ ಬಿಸಿಲು ಚೆನ್ನಾಗಿತ್ತು. "ಚಿಲಕ ಹಾಕು" ಎಂದೆ. ಹಾಕಿದಳು. ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ನಾನು ಎರಡು ಸಲ ನೋಡಿದೆ. ಸೊಂಟದ ಕೆಳಗೆ ಸೀರೆ ಇರಲಿ ಎಂದೆ, "ನಿನ್ನಿಷ್ಟ" ಎಂದಳು. ರವಿಕೆಯ ಹುಕ್ಕು ಬಿಚ್ಚಲು ಎಷ್ಟು ಹೊತ್ತಾಯಿತೋ. ಚಳಿಗೆ ಮೈ ನವಿರೆದ್ದಿತು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಈ ಸಲ ಹೂವಿನ ಕುಂಡವೂ ಇರಲಿಲ್ಲ. ಒಂದು ಸಲ ಅಳು ಬಂದು "ಸಾಕು" ಎಂದೆ. ಅವಳು ತಕ್ಷಣ ಕ್ಯಾಮರಾ ಕೆಳಗಿಟ್ಟು, ಶಾಲು ಹೊದಿಸಿ, ಕಾಫಿ ಮಾಡಿ ತಂದಳು. ಕಾಫಿ ಕುಡಿದ ಮೇಲೆ ನಾನೇ, "ಇನ್ನೊಂದು ತೆಗಿ" ಎಂದೆ.

ಆ ಇನ್ನೊಂದೇ ನನ್ನಲ್ಲಿರುವುದು. ಅದರಲ್ಲಿ ನಾನು ಸುಂದರಿಯಾಗಿ ಕಾಣುವುದಿಲ್ಲ. ಹೊಟ್ಟೆ ಜೋತಿದೆ, ತೋಳು ಸುಕ್ಕಾಗಿದೆ. ಕಂಕುಳಿನ ಹತ್ತಿರದಿಂದ ಎದೆಯ ನಡುವಿನವರೆಗೆ ಗಾಯದ ಗೆರೆ, ನಮ್ಮಜ್ಜಿ ಹೊಲಿಯುತ್ತಿದ್ದ ಕೌದಿಯ ಹೊಲಿಗೆಯ ಹಾಗೆ, ಸ್ವಲ್ಪ ಓರೆ. ಎಂಟು ವರ್ಷ ಅದನ್ನು ಏನೇನೋ ಭಯಂಕರವಾಗಿ ಕಲ್ಪಿಸಿಕೊಂಡಿದ್ದೆ. ನೋಡಿದರೆ ಒಂದು ಗೆರೆ. ಗಲ್ಲದ ಮೇಲಿನ ಮಚ್ಚೆ ಇದ್ದಲ್ಲೇ ಇದೆ.

ಎಲ್ಲರೂ ಹೋಗಿ ಹೀಗೆ ಫೋಟೊ ತೆಗೆಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ನಾನೂ ಇನ್ನೊಮ್ಮೆ ತೆಗೆಸುವವಳಲ್ಲ. ಆದರೆ ಫೋಟೊ ತೆಗೆಯುವವರು ಯಾಕೆ ಇದರ ಹಿಂದೆ ಬೀಳುತ್ತಾರೆ, ಕೂರುವವರು ಯಾಕೆ ಕೂರುತ್ತಾರೆ ಎಂದು ಯಾರಾದರೂ ಕೇಳಿದರೆ ಈಗ ನನಗೆ ಬೈಯಲು ಬಾಯಿ ಬರುವುದಿಲ್ಲ. ಅವಳಿಗೆ ನೋಡುವುದು ಬೇಕಿತ್ತು. ನನಗೆ, ನನ್ನನ್ನು ತಿದ್ದದೆ ನೋಡುವವರು ಒಬ್ಬರು ಬೇಕಿತ್ತು.

ಪುಟ್ಟಿ ಒಂದೇ ಪ್ರಿಂಟು ಹಾಕಿ, ಉಳಿದದ್ದನ್ನೆಲ್ಲ ನನ್ನೆದುರೇ ಅಳಿಸಿದಳು. ಟ್ರಂಕಿನಲ್ಲಿ ಹಳೆಯ ಫೋಟೊದ ಜೊತೆ ಇಟ್ಟೆ. ಅವಳು ಬೆಂಗಳೂರಿಗೆ ಹೋಗಿ ಒಂದು ವಾರವಾದ ಮೇಲೆ, ಒಂದು ರಾತ್ರಿ ಊಟಕ್ಕೆ ಮುಂಚೆ, ಅದನ್ನು ತೆಗೆದು ನಮ್ಮ ಯಜಮಾನರ ಕೈಗೆ ಕೊಟ್ಟೆ. ಕೊಡಬೇಕೆಂದು ಮೊದಲೇ ಅಂದುಕೊಂಡಿರಲಿಲ್ಲ.

ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇಷ್ಟು ಉದ್ದ ಇತ್ತಾ?" ಎಂದರು.

"ಇತ್ತು" ಎಂದೆ.

"ನೋಯುತ್ತಾ ಈಗಲೂ?"

"ಚಳಿಗಾಲದಲ್ಲಿ ಸ್ವಲ್ಪ."

ಎಂಟು ವರ್ಷದಲ್ಲಿ ಅವರು ಕೇಳಿದ್ದು ಅದೇ ಮೊದಲು. ಫೋಟೊ ವಾಪಸ್ಸು ಇಸಿದುಕೊಂಡು ಟ್ರಂಕಿನಲ್ಲಿಟ್ಟು, ತಟ್ಟೆ ಹಾಕಲು ಹೋದೆ.