ಅಜ್ಜನ ಗುಂಡು

"ರಜೆಗೆ ಊರಿಗೆ ಹೋಗಿ ಗುಂಡು ಮಾಡ್ತೀವಿ" ಅಂತ ಹಾಸ್ಟೆಲಲ್ಲಿ ಹೇಳಿದ್ದೇ ತಪ್ಪಾಯ್ತು. ಬಯಲುಸೀಮೆಯ ಗೆಳೆಯರಿಗೆ ಗುಂಡು ಅಂದ್ರೆ ಒಂದೋ ಬಾಟಲಿ, ಇಲ್ಲಾ ಬಂದೂಕು. ನಾವು ಮೂವರು ಭಟ್ಕಳ, ಹೊನ್ನಾವರ, ಕುಮಟಾದವರು. ನಮಗೆ ಬೀಸುಬಲೆಯ ಅಂಚಿಗೆ ಕಟ್ಟೋ ಸೀಸದ ಮಣಿಯೂ ಗುಂಡೇ.

ಹೊನ್ನಾವರದವನ ಅಜ್ಜ ಶರಾವತಿ ಅಳಿವೆಯಲ್ಲಿ ಬಲೆ ಬೀಸ್ತಾರೆ. ಬಲೆ ಕೊಡೆಯ ಹಾಗೆ ಬಿಚ್ಚಿಕೊಂಡು ಬಿದ್ದ ಮೇಲೆ, ಮೀನು ತಪ್ಪಿಸಿಕೊಳ್ಳೋ ಮೊದಲೇ ಅದರ ಅಂಚು ತಳ ಮುಟ್ಟಬೇಕು. ಅದಕ್ಕೇ ಸೀಸ. ಒಂದು ಕೆಜಿ ಸೀಸ ಅರ್ಧ ಲೋಟದಷ್ಟೂ ಜಾಗ ಹಿಡಿಯೋದಿಲ್ಲ. ಕಬ್ಬಿಣ ಹಾಕಿದ್ರಾಗದಾ ಅಂತ ಕೇಳಿದ್ವಿ. "ಉಪ್ಪುನೀರಲ್ಲಿ ತುಕ್ಕು ಹಿಡೀತದೆ ತಮ್ಮಾ, ತುಕ್ಕು ಬಲೆ ತಿಂತದೆ" ಅಂದ್ರು ಅಜ್ಜ. ನಾವು ಲೆಕ್ಕ ಹಾಕಿದ್ವಿ: ಸೀಸದ ಸಾಂದ್ರತೆ 11.34, ಕಬ್ಬಿಣದ್ದು 7.87. ಸಮುದ್ರದ ನೀರೊಳಗೆ ಒಂದೇ ಗಾತ್ರದ ಸೀಸ ಕಬ್ಬಿಣದ ಒಂದೂವರೆ ಪಟ್ಟು ಭಾರ ತೂಗ್ತದೆ. ಅಜ್ಜನಿಗೆ ಈ ಲೆಕ್ಕ ಬೇಕಾಗಿರಲಿಲ್ಲ ಬಿಡಿ.

ನಮ್ಮ ತಲೆಯಲ್ಲಿ ಇದ್ದದ್ದು ಬೇರೆ. ಆ ಸೆಮಿಸ್ಟರಲ್ಲಷ್ಟೇ ಸೀಸ-ತವರದ ಫೇಸ್ ಡಯಾಗ್ರಾಂ ಓದಿದ್ವಿ. (ಇಂಗ್ಲಿಷ್ ಮೀಡಿಯಂನವರು ನಾವು, ತವರ ಅಂದ್ರೆ ಟಿನ್ ಅಂತ ಗೊತ್ತಾಗಿದ್ದು ಈ ಲೇಖನ ಬರೆಯುವಾಗ.) ಸೀಸ ಕರಗೋದು 327 ಡಿಗ್ರಿಯಲ್ಲಿ, ತವರ 232ರಲ್ಲಿ. ನೂರಕ್ಕೆ ಸುಮಾರು 62 ಪಾಲು ತವರ ಬೆರೆಸಿದ್ರೆ 183ಕ್ಕೇ ನೀರಾಗ್ತದೆ. ಸ್ವಲ್ಪ ಆಂಟಿಮನಿ ಸೇರಿದ್ರೆ ಸೀಸ ಗಟ್ಟಿಯಾಗ್ತದೆ. ಹಳೇ ಮುದ್ರಣಾಲಯದ ಅಚ್ಚುಮೊಳೆ ಈ ಮೂರರ ಮಿಶ್ರಣವೇ. ಬಂದೂಕಿನ ಗುಂಡಿಗೂ ಇದೇ ಉಪಾಯ, ಯಾಕಂದ್ರೆ ಬರೀ ಸೀಸ ಮೆತ್ತಗಿದ್ದು ನಳಿಗೆಯೊಳಗೆ ಮೆತ್ತಿಕೊಳ್ತದೆ. ಅಜ್ಜನ ಗುಂಡುಗಳು ಬಂಡೆಗೆ ತಾಗಿ ನೆಗ್ಗೋದನ್ನ ನೋಡಿದ್ವಲ್ಲ, ಅವನ್ನೂ ಗಟ್ಟಿ ಮಾಡೋಣ ಅನ್ನೋದು ನಮ್ಮ ಪ್ಲಾನು. ಲ್ಯಾಬಲ್ಲಿ ಉಳಿದ ಸೋಲ್ಡರ್ ತಂತಿ ತಂದ್ವಿ. ಗುಜರಿಯಿಂದ ಹಳೇ ಬ್ಯಾಟರಿಯ ತುದಿಗಳನ್ನ ತಂದ್ವಿ, ಅದರಲ್ಲಿ ಆಂಟಿಮನಿ ಇರ್ತದೆ ಅಂತ.

ಕರಗಿಸಿದ್ದು ಬಚ್ಚಲೊಲೆಯ ಮೇಲೆ, ತೂತು ಮುಚ್ಚಿಸಿದ ಹಳೇ ಬಾಣಲೆಯಲ್ಲಿ. ಅಜ್ಜ ಮೊದಲು ಚಿಮಣಿ ದೀಪದ ಹೊಗೆಗೆ ಅಚ್ಚು ಹಿಡಿದು ಒಳಗೆಲ್ಲ ಮಸಿ ಹತ್ತಿಸ್ತಾರೆ, ಆಗ ಸೀಸ ಅಂಟೋದಿಲ್ಲ. ನಮ್ಮ ಪಾಕ ಅಚ್ಚೊಳಗೆ ಚಂದ ಹರೀತು, ಬೆಳ್ಳಿಯ ಹಾಗೆ ಹೊಳೀತು. ಆ ಖುಷಿಯಲ್ಲಿ ಭಟ್ಕಳದವನು ಹಳೇ ಬಲೆಯಿಂದ ಬಿಚ್ಚಿದ ಗುಂಡೊಂದನ್ನ ಬಾಣಲೆಗೆ ಎಸೆದ. ಅದರ ಸೀಳಿನೊಳಗೆ ನೀರಿತ್ತು. ಢಬ್! ಕರಗಿದ ಸೀಸ ಹೆಂಚಿಗೆ ಹಾರಿತು. ಅವನ ಮುಂಗೈ ಮೇಲೆ ಮೂರು ಕಲೆ ಈಗಲೂ ಇದೆ. ಕಣ್ಣಿಗೆ ಬೀಳಲಿಲ್ಲ ಅನ್ನೋದು ನಮ್ಮ ಪುಣ್ಯ. ಕನ್ನಡಕ ಹಾಕಬೇಕು ಅಂತ ಲ್ಯಾಬ್ ಮ್ಯಾನುಯಲಲ್ಲಿ ನಾವೇ ಹತ್ತು ಸಲ ಬರೆದಿದ್ವಿ.

ಅಜ್ಜ ಬೈಯಲಿಲ್ಲ. ತಣಿದ ಗುಂಡೊಂದನ್ನ ತಗೊಂಡು, ಸೀಳಿಗೆ ಹಗ್ಗ ಕೂರಿಸಿ, ಹಲ್ಲಲ್ಲಿ ಕಚ್ಚಿದ್ರು. ಮುಚ್ಚಲಿಲ್ಲ. ಸುತ್ತಿಗೆಯಲ್ಲಿ ಬಡಿದ್ರು. ಕಟಕ್ ಅಂತ ಸೀಳಿನ ಬುಡಕ್ಕೇ ಒಡೀತು.

"ಇದು ಎಂತಕ್ಕೆ ಬತ್ತದೆ? ಹಲ್ಲಿಗೆ ಸೋಲ್ಬೇಕು ಗುಂಡು."

ನಮ್ಮ ಇಡೀ ಫೇಸ್ ಡಯಾಗ್ರಾಂ ಅಲ್ಲಿಗೆ ಮುಗೀತು. ಬಂದೂಕಿಗೆ ಗಟ್ಟಿ ಬೇಕು, ಬಲೆಗೆ ಮೆತ್ತಗೇ ಬೇಕು. ನೆಗ್ಗಿದ್ರೆ ಅಜ್ಜನಿಗೆ ನಷ್ಟವೇ ಇಲ್ಲ, ಮತ್ತೆ ಕರಗಿಸಿದ್ರಾಯ್ತು. ಅದಕ್ಕೇ ಅವರು ಗುಜರಿಯಲ್ಲಿ ಉಗುರಲ್ಲಿ ಗೀರಿ ನೋಡಿ, ಗೀರು ಬಿದ್ದ ಸೀಸ ಮಾತ್ರ ಆರಿಸೋದು. ಬ್ಯಾಟರಿಯದ್ದನ್ನ ಮುಟ್ಟೋದಿಲ್ಲ. ಅದು ಸರಿಯೇ. ಅದನ್ನ ಕರಗಿಸಿದಾಗ ಬರೋ ಕಿಟ್ಟಕ್ಕೆ ತೇವ ತಾಗಿದ್ರೆ ವಿಷದ ಗಾಳಿ ಏಳಬಹುದು ಅಂತ ನಾವು ಓದಿದ್ದು ಆಮೇಲೆ, ಹಾಸ್ಟೆಲಿಗೆ ವಾಪಸ್ ಬಂದು.

ಆದ್ರೆ ಆ "ಹಲ್ಲಿಗೆ" ಅನ್ನೋ ಮಾತು ನಮ್ಮನ್ನ ಬಿಡಲಿಲ್ಲ. ಅಂಗಳದಲ್ಲಿ ಆರು ವರ್ಷದ ಮೊಮ್ಮಗಳು ಕೂತಿದ್ದಳು. ನೆಲಕ್ಕೆ ಸಿಡಿದ ಸೀಸದ ಹನಿಗಳನ್ನ ಆರಿಸಿ ಚೆನ್ನೆಮಣೆ ಆಡ್ತಿದ್ದಳು. ಮಧ್ಯೆ ಮಧ್ಯೆ ಅಜ್ಜನ ಹಾಗೇ ಒಂದೊಂದು ಗುಂಡು ಕಚ್ಚಿ ಮುಚ್ಚಿ ಕೊಡ್ತಿದ್ದಳು. ಹಾಲುಹಲ್ಲು. ನಾವು ಅದನ್ನ ನೋಡಿ ನಕ್ಕು, ಮೊಬೈಲಲ್ಲಿ ವಿಡಿಯೋ ಕೂಡ ಮಾಡಿದ್ವಿ.

ಕರಗಿಸುವ ಶಾಖಕ್ಕೆ ಸೀಸ ಅಷ್ಟೇನೂ ಆವಿಯಾಗೋದಿಲ್ಲ, ಅದು ಕುದಿಯೋದು 1749 ಡಿಗ್ರಿಗೆ. ಅಪಾಯ ಇರೋದು ಮೇಲೆ ತೇಲೋ ಬೂದು ಕಿಟ್ಟದ ಪುಡಿಯಲ್ಲಿ. ಅದು ಕೈಗೆ ಹತ್ತಿ, ಕೈಯಿಂದ ಬಾಯಿಗೆ ಹೋಗ್ತದೆ. ದೊಡ್ಡವರಿಗಿಂತ ಮಕ್ಕಳ ಹೊಟ್ಟೆ ಅದನ್ನ ಹೆಚ್ಚು ಹೀರಿಕೊಳ್ತದೆ, ಏಟು ಬೀಳೋದು ಬೆಳೆಯೋ ಮಿದುಳಿಗೆ. ಇಷ್ಟಿದ್ರೆ ಪರವಾಗಿಲ್ಲ ಅನ್ನೋ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ರಕ್ತದ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದ್ರೆ ಮೂಲ ಹುಡುಕಿ ನಿಲ್ಲಿಸಿ ಅನ್ನೋದು ಅದರ 2021ರ ಸೂಚನೆ.

ಇದನ್ನ ಅಜ್ಜನಿಗೆ ಹೇಳೋದು ಹೇಗೆ? ಗಟ್ಟಿ ಗುಂಡು ಮಾಡ್ತೀವಿ ಅಂತ ಹೋಗಿ ಮರ್ಯಾದೆ ಕಳಕೊಂಡವರು ನಾವು. ಎರಡು ವಾರ ಮುಂದೂಡಿದ್ವಿ. ಕೊನೆಗೆ ಹೇಳಿದ್ದು ಅವನ ಅತ್ತೆಗೆ, ಅಂದ್ರೆ ಹುಡುಗಿಯ ಅಮ್ಮನಿಗೆ. ಕುಮಟಾದಲ್ಲಿ ರಕ್ತ ಕೊಟ್ರು, ಸ್ಯಾಂಪಲ್ ಬೆಂಗಳೂರಿಗೆ ಹೋಯ್ತು. ರಿಪೋರ್ಟಲ್ಲಿ 9 ಅಂತ ಬಂತು.

ಔಷಧಿ ಬೇಡ, ಸೀಸ ತಾಗದ ಹಾಗೆ ನೋಡ್ಕೊಳ್ಳಿ, ಕಬ್ಬಿಣ, ಕ್ಯಾಲ್ಸಿಯಂ ಇರೋ ಊಟ ಕೊಡಿ, ಮೂರು ತಿಂಗಳಿಗೆ ಮತ್ತೆ ರಕ್ತ ನೋಡೋಣ ಅಂದ್ರಂತೆ ಡಾಕ್ಟರು. ಅಜ್ಜ ರಿಪೋರ್ಟನ್ನ ತಲೆಕೆಳಗು ಹಿಡ್ಕೊಂಡು ತುಂಬಾ ಹೊತ್ತು ಕೂತಿದ್ರಂತೆ. "ನನ್ನ ಅಪ್ಪನೂ ಕಚ್ಚಿದ, ನಾನೂ ಕಚ್ಚಿದೆ" ಅಂದ್ರಂತೆ, ಅಷ್ಟೇ. ಮರುದಿನ ಬಾಣಲೆ, ಅಚ್ಚು ಎರಡೂ ತೋಟದ ಆಚೆ ತುದಿಗೆ ಹೋದವು. ಬಚ್ಚಲಿನ ನೆಲವನ್ನ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ರು, ಪುಡಿ ಏಳಬಾರದು ಅಂತ. ಅದೊಂದು ಮಾತ್ರ ನಾವು ಫೋನಲ್ಲಿ ಹೇಳಿದ್ದು.

ಮೊನ್ನೆ ಹೋದಾಗ ಒಂದು ಇಕ್ಕಳ ತಗೊಂಡು ಹೋಗಿದ್ವಿ. ಅಜ್ಜ ಅದರಲ್ಲಿ ನಾಲ್ಕು ಗುಂಡು ಮುಚ್ಚಿ, ಐದನೆಯದನ್ನ ಅಭ್ಯಾಸಬಲದಿಂದ ಬಾಯಿಗೆ ತಂದು, ನಮ್ಮನ್ನ ನೋಡಿ ಕೆಳಗಿಟ್ರು.

ದೀಪಾವಳಿ ಹೊತ್ತಿಗೆ ಹುಡುಗಿ ಮತ್ತೆ ರಕ್ತ ಕೊಡಬೇಕು. ಚೆನ್ನೆಮಣೆಗೆ ಈಗ ಹುಣಸೆಬೀಜ. ಅದಕ್ಕೆ ಭಾರವೇ ಇಲ್ಲ, ಆಟದಲ್ಲಿ ಮಜಾ ಬರೋದಿಲ್ಲ ಅಂತ ನಮ್ಮ ಮೇಲೆ ಇನ್ನೂ ಸಿಟ್ಟು ಅವಳಿಗೆ.