ವಾಸಿಯಾಯ್ತಲ್ಲಕ್ಕಾ?

ಕೂನೂರು ಮಾರ್ಕೆಟ್‌ನಲ್ಲಿ ಬೀನ್ಸ್ ಆರಿಸುವಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: “ಎಲ್ಲ ವಾಸಿಯಾಯ್ತಲ್ಲಕ್ಕಾ? ಕೂದಲೂ ಬಂದಿದೆ!” ಸ್ತನದಿಂದ ಮೂಳೆಗೆ ಹರಡಿದ ಕ್ಯಾನ್ಸರ್ ಪೂರ್ತಿ ವಾಸಿಯಾಗುವಂಥದ್ದಲ್ಲ, ಹದ್ದುಬಸ್ತಿನಲ್ಲಿದ್ದರೆ ಅದೇ ದೊಡ್ಡದು. ನನಗೆ ದಿನಾ ಲೆಟ್ರೊಜೋಲ್ ಮಾತ್ರೆ. ಜೊತೆಗೆ ಪಾಲ್ಬೊಸಿಕ್ಲಿಬ್ 21 ದಿನ, ಆಮೇಲೆ 7 ದಿನ ಬಿಡುವು, ಬಿಳಿ ರಕ್ತಕಣ ಚೇತರಿಸಿಕೊಳ್ಳಲಿ ಅಂತ. ಸೋಂಕು ತಗಲಬಾರದಲ್ಲ, ನೆಂಟರ ಮದುವೆಗೆ ಹೋಗುವುದೂ ಆ ಲೆಕ್ಕ ನೋಡಿಯೇ. 2023ರಲ್ಲಿ ಭಾರತದಲ್ಲಿ ಪಾಲ್ಬೊಸಿಕ್ಲಿಬ್‌ನ ಪೇಟೆಂಟ್ ಮುಗಿದು ಬೆಲೆ ಇಳಿಯಿತು, ನಮ್ಮಂಥವರ ಪುಣ್ಯ. ಸ್ಕ್ಯಾನ್‌ಗೆ ಬರ್ಲಿಯಾರ್ ದಾಟಿ, ಮೇಟ್ಟುಪಾಳ್ಯಂ ಮೇಲೆ ಕೊಯಮತ್ತೂರಿಗೆ ಹೋಗಬೇಕು. ಬಸ್ಸಿನ ಹಿಂದಿನ ಸೀಟಿನಲ್ಲಿ ಪ್ರತಿ ತಿರುವೂ ಬೆನ್ನುಮೂಳೆಗೇ ಗೊತ್ತು. (ಕೀಮೋನೇ ವಾಸಿ ಅನ್ನಿಸಿದ್ದುಂಟು.) ಈ ವಾರ ಯಾರಾದರೂ ಕಾರಿನಲ್ಲಿ ಕೆಳಗಿಳಿಯುವವರಿದ್ದರೆ ಹೇಳಿ. ಪೆಟ್ರೋಲ್ ಖರ್ಚು ಹಂಚಿಕೊಳ್ಳೋಣ, ಮುಂದಿನ ಸೀಟು ಮಾತ್ರ ನನಗೆ.