ಕ್ಯಾಮೆರಾ ಆರಿಸೋಕೆ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ

ಹೊಸ ಮಿರರ್‌ಲೆಸ್ ಕ್ಯಾಮೆರಾ ತಗೋಬೇಕು ಅಂತ ಹೊರಟವರಿಗೆ ಯೂಟ್ಯೂಬಿನಲ್ಲಿ ಸಲಹೆಗೇನೂ ಬರ ಇಲ್ಲ. ಆದರೆ ಆ ರಿವ್ಯೂಗಳಲ್ಲಿ ಕಾಣೋದು ಟೋಕಿಯೊದ ಬೀದಿ, ಐಸ್‌ಲ್ಯಾಂಡಿನ ಜಲಪಾತ. ನಾವು ಫೋಟೊ ತೆಗೆಯೋದು ರಸೆಲ್ ಮಾರ್ಕೆಟ್ಟಿನ ದೀಪದ ಕೆಳಗೆ, ಹಲಸೂರು ಕೆರೆಯ ದಂಡೆಯಲ್ಲಿ, ಕೆ.ಆರ್. ಪುರದ ಧೂಳಿನಲ್ಲಿ. ಅದಕ್ಕೇ ಕೊಳ್ಳೋ ಮೊದಲು ಎರಡು ಬಾಡಿಗಳನ್ನು ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತಂದು, ಬೆಂಗಳೂರಿನ ಪೂರ್ವ ಭಾಗದಲ್ಲೇ ಒಂದು ಸುತ್ತು ಹಾಕಿದೆ.

ಮೊದಲು ಲೆನ್ಸ್ ಲೆಕ್ಕ

ನನ್ನ ಹಳೇ ಕ್ಯಾಮೆರಾ ನಿಕಾನ್ ಡಿ7100, 2013ರ ಮಾಡೆಲ್. ಜೊತೆಗೆ ಮೂರು ಲೆನ್ಸ್. 18-140 ನಾನು ಕೊಂಡದ್ದು. 50 ಎಂಎಂ ಮತ್ತು 85 ಎಂಎಂ ಸೋದರಮಾವ ಕೊಟ್ಟದ್ದು. ಮಾವ ಹಲಸೂರಿನಲ್ಲಿ ಇಪ್ಪತ್ತು ವರ್ಷ ಪುಟ್ಟ ಸ್ಟುಡಿಯೊ ನಡೆಸಿದವರು. ನಮ್ಮ ಮನೆಯ ಎಷ್ಟೋ ಮದುವೆ, ಮುಂಜಿ, ನಾಮಕರಣದ ಆಲ್ಬಮ್‌ಗಳು ಆ 85ರಿಂದಲೇ ಬಂದವು. ಕಣ್ಣಿನ ಪೊರೆ ಆಪರೇಷನ್ ಆದಮೇಲೆ ವ್ಯೂಫೈಂಡರಿನಲ್ಲಿ ಫೋಕಸ್ ಸರಿಯಾಗಿ ಕಾಣಲ್ಲ ಅಂತ ಮಾವ ಕ್ಯಾಮೆರಾ ಮುಟ್ಟೋದನ್ನೇ ಬಿಟ್ಟರು. ಲೆನ್ಸ್ ನನ್ನ ಕೈಗೆ ಬಂತು.

ತೊಡಕು ಇರೋದು ಇಲ್ಲೇ. 'ಡಿ' ಸರಣಿಯ ಈ ಲೆನ್ಸ್‌ಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಡಿ7100 ಬಾಡಿಯಲ್ಲಿರುವ ಮೋಟರ್ ಒಂದು ಸಣ್ಣ ಸ್ಕ್ರೂ ಮೂಲಕ ಲೆನ್ಸನ್ನು ತಿರುಗಿಸುತ್ತೆ. ನಿಕಾನ್ 2018ರಲ್ಲಿ ತಂದ ಝಡ್ ಮೌಂಟ್ ಬಾಡಿಗಳಲ್ಲಿ ಆ ಮೋಟರ್ ಇಲ್ಲ. ಕನ್ನಡಿ ತೆಗೆದದ್ದರಿಂದ ಲೆನ್ಸ್ ಮೌಂಟಿಗೂ ಸೆನ್ಸರಿಗೂ ನಡುವಿನ ಅಂತರ 46.5 ಮಿ.ಮೀ.ನಿಂದ 16 ಮಿ.ಮೀ.ಗೆ ಇಳಿದಿದೆ. ಆ ಖಾಲಿ ಜಾಗ ತುಂಬೋದೇ ಎಫ್‌ಟಿಝಡ್ ಅಡಾಪ್ಟರ್. ಅದರಲ್ಲೂ ಮೋಟರ್ ಇಲ್ಲ. ಅಂದರೆ ನನ್ನ 18-140 ಆಟೋಫೋಕಸ್ ಆಗುತ್ತೆ, ಮಾವನ ಲೆನ್ಸ್‌ಗಳು ಆಗಲ್ಲ.

ಕ್ಯಾನನ್ ಬಳಸೋರಿಗೆ ಈ ತಲೆನೋವಿಲ್ಲ. 1987ರಲ್ಲಿ ಬಂದ ಇಎಫ್ ಮೌಂಟಿನಲ್ಲಿ ಮೋಟರ್ ಮೊದಲಿನಿಂದಲೂ ಲೆನ್ಸಿನ ಒಳಗೇ ಇದೆ. ಆರ್‌ಎಫ್ ಬಾಡಿಗೆ ಅಡಾಪ್ಟರ್ ಹಾಕಿದರೆ ಹಳೇ ಲೆನ್ಸೂ ಫೋಕಸ್ ಆಗುತ್ತೆ. ಸೋನಿಯ ಹಳೇ ಎ-ಮೌಂಟ್‌ನವರಿಗೆ ಮೋಟರ್ ಇರುವ ಅಡಾಪ್ಟರ್ ಇದೆ, ಆದರೆ ಕೆಲವು ಬಾಡಿಗಳ ಮೇಲಷ್ಟೇ ಪೂರ್ತಿ ಕೆಲಸ ಮಾಡುತ್ತೆ. ಮಾವನ ಲೆನ್ಸ್ ಬಿಡೋಕೆ ಮನಸ್ಸಿಲ್ಲದ ನಾನು ನಿಕಾನ್‌ನಲ್ಲೇ ಉಳಿದೆ.

ತಂದದ್ದು ಎರಡು: 2024ರಲ್ಲಿ ಬಂದ ಝಡ್50ರ ಎರಡನೇ ಆವೃತ್ತಿ, 2025ರಲ್ಲಿ ಬಂದ ಝಡ್5ರ ಎರಡನೇ ಆವೃತ್ತಿ. ಮೊದಲನೆಯದರ ಸೆನ್ಸರ್ ಡಿ7100ರಷ್ಟೇ ಚಿಕ್ಕದು. ಎರಡನೆಯದು ಫುಲ್ ಫ್ರೇಮ್, ಹಳೇ ಫಿಲ್ಮ್ ರೋಲಿನ 36×24 ಮಿ.ಮೀ. ಅಳತೆ. ಇನ್ನು ಮುಂದೆ ಚಿಕ್ಕದು, ದೊಡ್ಡದು ಅಂತಲೇ ಕರೀತೀನಿ.

ಶಿವಾಜಿನಗರ: ದೀಪದ ಆಟ

ಬೆಳಿಗ್ಗೆ ಏಳಕ್ಕೆ ರಸೆಲ್ ಮಾರ್ಕೆಟ್. ಹೊರಗೆ ಸೇಂಟ್ ಮೇರಿ ಬೆಸಿಲಿಕಾದ ಗೋಪುರಕ್ಕೆ ಎಳೆಬಿಸಿಲು ಬಿದ್ದಿರುತ್ತೆ. ಮಾರ್ಕೆಟ್ ಒಳಗೆ ಹೋದರೆ ಅರೆಗತ್ತಲು. ಒಂದು ಅಂಗಡಿಗೆ ಹಳದಿ ಬಲ್ಬು, ಪಕ್ಕದ್ದಕ್ಕೆ ಬಿಳಿ ಎಲ್‌ಇಡಿ. ಡಿ7100ರಲ್ಲಿ ಇಂಥ ಕಡೆ ಒಂದು ಕ್ಲಿಕ್, ಒಂದು ಸಲ ಸ್ಕ್ರೀನ್ ನೋಡೋದು, ಮತ್ತೆ ಕ್ಲಿಕ್. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಬೆಳಕು, ಬಣ್ಣ ಹೇಗೆ ಬರುತ್ತೆ ಅನ್ನೋದು ಕ್ಲಿಕ್ಕಿಗೆ ಮೊದಲೇ ಕಾಣುತ್ತೆ. ಈ ಒಂದಕ್ಕೇ ಅಪ್‌ಗ್ರೇಡ್ ಮಾಡಬಹುದು ಅನ್ನಿಸಿತು.

ಆದರೆ ಸೈಲೆಂಟ್ ಮೋಡಿಗೆ ಹಾಕಿದ ಕೂಡಲೇ ಸೇವಂತಿಗೆ ರಾಶಿಯ ಮೇಲೆ ಕಪ್ಪು ಪಟ್ಟಿಗಳು. ನಮ್ಮ ಕರೆಂಟ್ 50 ಹರ್ಟ್ಸ್. ಅನೇಕ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದೋದರಿಂದ ಆ ಮಿನುಗು ಪಟ್ಟಿಯಾಗಿ ಬೀಳುತ್ತೆ. ಮೆಕ್ಯಾನಿಕಲ್ ಶಟರ್‌ಗೆ ಬದಲಿಸಿ 1/100 ಇಟ್ಟರೆ ಸರಿಹೋಯ್ತು. ಅಂದಹಾಗೆ, ಶಬ್ದ ಬರಲ್ಲ ಅಂತ ಕೇಳದೇ ತೆಗೆಯೋದು ಬೇಡ. 'ಒಂದು ಫೋಟೊ ತೆಗೀಲಾ ಅಣ್ಣ?' ಅಂದರೆ ಹೂವಿನವರು ಹಾರವನ್ನು ನೇರ ಮಾಡಿ ನಿಲ್ಲಿಸ್ತಾರೆ.

ಹಲಸೂರು: ಮಾವನ ಕೈ

ಹತ್ತು ಗಂಟೆಗೆ ಸೋಮೇಶ್ವರ ದೇವಸ್ಥಾನದ ಹತ್ತಿರ ಮಾವ ಕಾಯ್ತಾ ಇದ್ದರು. 1809ರ ಸುಮಾರಿಗೆ ದಂಡು ಬಂದು ನೆಲೆಸುವುದಕ್ಕೂ ಬಹಳ ಹಿಂದಿನ ದೇವಸ್ಥಾನ ಇದು. ಗರ್ಭಗುಡಿಯ ಕಡೆ ಕ್ಯಾಮೆರಾ ಎತ್ತೋ ಹಾಗಿಲ್ಲ. ಹೊರಗಿನ ಶಿಲ್ಪಗಳಿಗೂ ಕೇಳಿಕೊಂಡೇ ತೆಗೆದೆವು. ಅವುಗಳಲ್ಲಿ ಗಿರಿಜಾ ಕಲ್ಯಾಣವೂ ಇದೆ. 'ನನಗಿಂತ ಮುಂಚಿನ ಮದುವೆ ಆಲ್ಬಮ್ ಕಣಮ್ಮ ಇದು' ಅಂದರು ಮಾವ.

ಮೊದಲು 85ನ್ನು ಚಿಕ್ಕದಕ್ಕೆ ಹಾಕಿದೆ. ಚಿಕ್ಕ ಸೆನ್ಸರ್ ಮೇಲೆ ಅದು 127 ಎಂಎಂ ಲೆನ್ಸಿನಷ್ಟು ಮಾತ್ರ ನೋಡುತ್ತೆ. ಹಿಂದೆ ಸರಿಯೋಕೆ ಜಾಗ ಇಲ್ಲದ ಕಡೆ ಅರ್ಧ ಶಿಲ್ಪ ಹೊರಗೇ ಉಳೀತು. ಡಿ7100ರಲ್ಲೂ ಇಷ್ಟು ವರ್ಷ ಹೀಗೇ ಇತ್ತು. ದೊಡ್ಡದಕ್ಕೆ ಹಾಕಿದಾಗ 85 ಮತ್ತೆ 85 ಆಯ್ತು, ಫಿಲ್ಮ್ ಕಾಲದ ಅದೇ ನೋಟ. ಜೊತೆಗೆ ದೊಡ್ಡದರಲ್ಲಿ ಸೆನ್ಸರೇ ಅಲುಗಾಡಿ ಕೈನಡುಕವನ್ನು ಸರಿದೂಗಿಸುತ್ತೆ, ಹಳೇ ಲೆನ್ಸ್ ಹಾಕಿದಾಗಲೂ. ನೆರಳಿನ ಕಂಬದ ಮೇಲಿನ ಕೆತ್ತನೆ 1/10 ಸೆಕೆಂಡಿನಲ್ಲೂ ಕಲೆಸಲಿಲ್ಲ. ಚಿಕ್ಕದರಲ್ಲಿ ಆ ಸೌಲಭ್ಯ ಇಲ್ಲ.

ಉಳಿದದ್ದು ಫೋಕಸ್. ಕ್ಯಾಮೆರಾವನ್ನು ಮಾವನ ಕೈಗಿಟ್ಟೆ. ವ್ಯೂಫೈಂಡರಿನ ಪಕ್ಕದ ಪುಟ್ಟ ಗಾಲಿ ತಿರುಗಿಸಿ ಅವರ ಕಣ್ಣಿಗೆ ಹೊಂದಿಸಿಕೊಂಡರು. ಫೋಕಸ್ ಪೀಕಿಂಗ್ ಆನ್ ಮಾಡಿದೆ. ಯಾವ ಅಂಚು ಫೋಕಸ್ ಆಗಿದೆಯೋ ಅಲ್ಲಿ ಕೆಂಪು ಗೆರೆ ಮಿಂಚುತ್ತೆ. ಝೂಮ್ ಬಟನ್ ಒತ್ತಿದರೆ ಶಿಲ್ಪದ ಮೂಗುತಿ ಕೂಡ ದೊಡ್ಡದಾಗಿ ಕಾಣುತ್ತೆ.

'ಒಳಗೊಂದು ಟಿವಿ ಇಟ್ಟಿದ್ದಾರಲ್ಲಮ್ಮ!'

'ಮಾವ, ಇದರಲ್ಲಿ ನಿಮ್ಮ ಲೆನ್ಸಿಗೆ ಆಟೋಫೋಕಸ್ ಇರಲ್ಲ.'

'ಎಫ್‌ಎಂ2ನಲ್ಲಿ ಎಲ್ಲಿತ್ತು? ಅಷ್ಟು ಮದುವೆ ಕೈಯಲ್ಲೇ ತಿರುಗಿಸಿ ತೆಗೀಲಿಲ್ವಾ?'

ನಿಜ. 1982ರಲ್ಲಿ ಬಂದ ಎಫ್‌ಎಂ2ನಲ್ಲಿ ಫೋಕಸ್ ಎಲ್ಲ ಕೈಕೆಲಸವೇ. ನಾನು ಸ್ಪೆಕ್ ಶೀಟಿನಲ್ಲಿ ನಷ್ಟ ಅಂತ ಬರೆದುಕೊಂಡಿದ್ದು ಮಾವನ ಪಾಲಿಗೆ ನಷ್ಟವೇ ಅಲ್ಲ. ಕನ್ನಡಿಯ ಕ್ಯಾಮೆರಾದಲ್ಲಿ ಅವರಿಗೆ ಕಾಣದೇ ಹೋಗಿದ್ದು ಇದರಲ್ಲಿ ಕಾಣ್ತಿತ್ತು. ಒಂದು ಗಂಟೆಯಲ್ಲಿ ಅರವತ್ತು ಫೋಟೊ ತೆಗೆದರು, ನಾನು ಎಣಿಸಿದೆ.

ಕೆರೆ: ಚಿಕ್ಕದರ ಗೆಲುವು

ಹಲಸೂರು ಕೆರೆಯಲ್ಲಿ ಲೆಕ್ಕ ತಿರುವುಮುರುವಾಯ್ತು. ಮೇಲೆ ಹದ್ದು, ನೀರಿನಲ್ಲಿ ನೀರುಕಾಗೆ. ಹಾರೋ ಹಕ್ಕಿಗೆ ಕೈಯಲ್ಲಿ ಫೋಕಸ್ ತಿರುಗಿಸ್ತಾ ಕೂತರೆ ಸಿಗೋದು ಆಕಾಶ ಮಾತ್ರ. ಇಲ್ಲಿ ನನ್ನ 18-140 ಬೇಕು. ಅದು ಚಿಕ್ಕ ಸೆನ್ಸರಿಗೆ ಮಾಡಿದ ಲೆನ್ಸ್. ಚಿಕ್ಕದರ ಮೇಲೆ ಸುಮಾರು 21 ಮೆಗಾಪಿಕ್ಸೆಲ್ ಪೂರ್ತಿ ಸಿಕ್ಕಿತು, ಹಕ್ಕಿಯ ಕಣ್ಣನ್ನು ಕ್ಯಾಮೆರಾನೇ ಹುಡುಕಿ ಹಿಡೀತು. ದೊಡ್ಡದೂ ಹಕ್ಕಿ ಹಿಡಿಯುತ್ತೆ, ಆದರೆ ಈ ಲೆನ್ಸ್ ಹಾಕಿದರೆ ಸೆನ್ಸರಿನ ನಡುಭಾಗ ಮಾತ್ರ ಬಳಸುತ್ತೆ: 24 ಮೆಗಾಪಿಕ್ಸೆಲ್ 10ರ ಆಸುಪಾಸಿಗೆ ಇಳಿಯುತ್ತೆ. ಹಳೇ ಕ್ರಾಪ್ ಲೆನ್ಸ್ ಇಟ್ಟುಕೊಂಡು ಫುಲ್ ಫ್ರೇಮ್‌ಗೆ ಹೋಗೋರು ಇದನ್ನು ಮೊದಲೇ ತಿಳ್ಕೊಂಡಿರಬೇಕು.

ಇಂದಿರಾನಗರ: ತೂಕ, ಓಟ

ಸಿಎಂಎಚ್ ರಸ್ತೆಯ ಮೇಲೆ ಮೆಟ್ರೊ ಹಾದುಹೋಗುವಾಗ ಕೆಳಗಿಂದ ಸೈಲೆಂಟ್ ಮೋಡಿನಲ್ಲಿ ತೆಗೆದೆ. ರೈಲಿನ ಕಿಟಕಿಗಳೆಲ್ಲ ಓರೆ! ಸಾಲು ಸಾಲಾಗಿ ಓದೋ ಅದೇ ಗುಣ. ಇಲ್ಲೂ ಮೆಕ್ಯಾನಿಕಲ್ ಶಟರೇ ಗತಿ.

ಕಾಫಿಗೆ ಕೂತಾಗ ತೂಕದ ಲೆಕ್ಕ ಹಾಕಿದೆ. ಬ್ಯಾಟರಿ, ಕಾರ್ಡ್ ಸೇರಿ ಡಿ7100 ಸುಮಾರು 765 ಗ್ರಾಂ. ಚಿಕ್ಕದು 550, ದೊಡ್ಡದು 700. ದೊಡ್ಡದಕ್ಕೆ ಸುಮಾರು 125 ಗ್ರಾಂ ಅಡಾಪ್ಟರ್ ಸೇರಿಸಿದರೆ ಹಳೇದಕ್ಕಿಂತ ಭಾರ! ಮಿರರ್‌ಲೆಸ್ ಅಂದರೆ ಹಗುರ ಅನ್ನೋ ಮಾತು ಅಡಾಪ್ಟರ್ ಹಾಕೋರಿಗೆ ಅನ್ವಯಿಸಲ್ಲ. ಬ್ಯಾಟರಿಯೂ ಅಷ್ಟೇ. ಡಿ7100ಗೆ ಕಂಪನಿ ಹೇಳೋದು ಒಂದು ಚಾರ್ಜಿಗೆ 950 ಫೋಟೊ. ಈ ಎರಡಕ್ಕೂ ಅದರ ಅರ್ಧವೂ ಇಲ್ಲ. ಫೋನಿನ ಪವರ್ ಬ್ಯಾಂಕಿನಿಂದ ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುತ್ತೆ ಅನ್ನೋದು ಸಮಾಧಾನ. ಆದರೂ ಒಂದು ಬ್ಯಾಟರಿ ಜಾಸ್ತಿ ಇರಲಿ.

ಕೆ.ಆರ್. ಪುರ: ಧೂಳು

2023ರಲ್ಲಿ ಮೆಟ್ರೊ ಸೇರಿಕೊಂಡ ಮೇಲೆ ಇಂದಿರಾನಗರದಿಂದ ಕೆ.ಆರ್. ಪುರ ಹತ್ತಿರ ಆಗಿಬಿಟ್ಟಿದೆ. ಸಂಜೆ ಹ್ಯಾಂಗಿಂಗ್ ಬ್ರಿಡ್ಜಿನ ಕೇಬಲ್‌ಗಳ ಹಿಂದೆ ಆಕಾಶ ಕೆಂಪಾಗುತ್ತೆ, ಕೆಳಗೆ ಬಸ್ಸು, ಲಾರಿಗಳ ದೀಪದ ಹೊಳೆ. ಚಿತ್ರ ಚೆನ್ನ, ಧೂಳು ಕೆಟ್ಟದ್ದು. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ತೆಗೆದರೆ ಎದುರಿಗೆ ಕನ್ನಡಿ, ಅದರ ಹಿಂದೆ ಶಟರ್. ಇಲ್ಲಿ ಸೆನ್ಸರೇ ಬಯಲಿಗೆ. ಕೆಲವು ಬಾಡಿಗಳು ಆಫ್ ಮಾಡಿದಾಗ ಪರದೆ ಮುಚ್ಚಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಇಂಥ ಕಡೆ ಆಫ್ ಮಾಡಿ, ಬಾಯಿ ಕೆಳಮುಖ ಹಿಡಿದು ಬೇಗ ಬದಲಾಯಿಸಿ. ಇನ್ನೂ ಒಳ್ಳೇದು ಅಂದ್ರೆ ಬದಲಾಯಿಸಲೇಬೇಡಿ. ನಾನು 50 ಹಾಕಿಕೊಂಡೇ ಇದ್ದೆ.

ಕೊನೆಗೆ

ದೊಡ್ಡದನ್ನೇ ತಗೊಂಡೆ, ಬಾಡಿ ಮತ್ತು ಅಡಾಪ್ಟರ್ ಮಾತ್ರ. ಡಿ7100 ಮಾರಲಿಲ್ಲ, 18-140 ಜೊತೆ ಅದು ಕೆರೆಗೆ ಇನ್ನೂ ಸಾಕು. ನೀವು ಹಕ್ಕಿ, ಪ್ರಯಾಣ ಅಂತ ಓಡಾಡೋರಾದರೆ, ಕೈಯಲ್ಲಿರೋದು ಕ್ರಾಪ್ ಲೆನ್ಸ್‌ಗಳೇ ಆದರೆ, ಚಿಕ್ಕದೇ ಜಾಣತನ.

ಯಾವ ಕಂಪನಿಯದ್ದೇ ಆದರೂ ಮೂರು ವಿಷಯ ನೋಡಿ. ನಿಮ್ಮ ಒಂದೊಂದು ಲೆನ್ಸಿನ ಹೆಸರೂ ಬರೆದು ಅಡಾಪ್ಟರ್ ಮೇಲೆ ಯಾವುದು ಕೆಲಸ ಮಾಡುತ್ತೆ, ಯಾವುದು ಇಲ್ಲ ಅಂತ ಕಂಪನಿಯ ಪಟ್ಟಿಯಲ್ಲೇ ಪರೀಕ್ಷಿಸಿ. ಜಿಎಸ್‌ಟಿ ಬಿಲ್ಲು, ಭಾರತದ ವಾರಂಟಿ ಎರಡೂ ಇದೆಯಾ ಕೇಳಿ. ಕೊಳ್ಳೋ ಮೊದಲು ಒಂದು ದಿನ ಬಾಡಿಗೆಗೆ ತಂದು, ನೀವು ದಿನಾ ಓಡಾಡೋ ದಾರಿಯಲ್ಲೇ ತೆಗೆದು ನೋಡಿ. ಆ ಕ್ಯಾಮೆರಾ ಮನೆಯಲ್ಲಿ ಇನ್ನೂ ಯಾರ ಕೈಗೆ ಹೋಗಬಹುದು ಅಂತಲೂ ಯೋಚಿಸಿ. ನಮ್ಮದು ಈಗ ಹೆಚ್ಚು ದಿನ ಹಲಸೂರಿನಲ್ಲೇ ಇರುತ್ತೆ. ನನಗೆ ಬೇಕಾದಾಗ ಮಾವನಿಗೆ ಹಿಂದಿನ ದಿನವೇ ಫೋನ್ ಮಾಡಬೇಕು.